ತೆರವಿನ ದಾರಿ ತೋರುವ ಡಿಜಿಟಲ್ ನಕ್ಷೆ: ನಮ್ಮ ವಿಶ್ವವಿದ್ಯಾಲಯಗಳ ಬಾಗಿಲು ಎಷ್ಟು ಅಗಲ?

2023ರ ನವೆಂಬರ್ 25ರ ಸಂಜೆ. ಕೇರಳದ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ವಿದ್ಯಾರ್ಥಿಗಳ ತಾಂತ್ರಿಕ ಉತ್ಸವದ ಅಂಗವಾಗಿ ಸಂಗೀತ ಕಾರ್ಯಕ್ರಮ ಏರ್ಪಾಡಾಗಿತ್ತು. ಕಾರ್ಯಕ್ರಮದ ಹೊತ್ತಿಗೆ ಮಳೆ ಆರಂಭವಾಯಿತು. ಹೊರಗೆ ಕಾದು ನಿಂತಿದ್ದವರು ಆಸರೆಗಾಗಿ ಒಮ್ಮೆಲೇ ಗೇಟಿನೊಳಕ್ಕೆ ನುಗ್ಗಿದರು. ಗೇಟು ದಾಟಿದರೆ ಎದುರಾಗುವುದು ಕೆಳಕ್ಕಿಳಿಯುವ ಕಡಿದಾದ ಮೆಟ್ಟಿಲುಗಳು. ಮುಂದಿದ್ದವರು ಮುಗ್ಗರಿಸಿ ಬಿದ್ದರು. ಹಿಂದಿದ್ದವರಿಗೆ ನಿಲ್ಲಲು ಸಾಧ್ಯವಾಗಲಿಲ್ಲ. ಮೂವರು ವಿದ್ಯಾರ್ಥಿಗಳೂ ಸೇರಿದಂತೆ ನಾಲ್ವರು ಪ್ರಾಣ ಕಳೆದುಕೊಂಡರು. 60ಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಅಲ್ಲಿ ಬೆಂಕಿ ಬಿದ್ದಿರಲಿಲ್ಲ, ಭೂಮಿ ಕಂಪಿಸಿರಲಿಲ್ಲ. ಬಂದದ್ದು ಒಂದು ಮಳೆ ಮಾತ್ರ. ಜೀವ ತೆಗೆದದ್ದು ಗೇಟು, ಮೆಟ್ಟಿಲು ಮತ್ತು ಜನಸಂದಣಿ ಒಂದೇ ಜಾಗದಲ್ಲಿ, ಒಂದೇ ಕ್ಷಣದಲ್ಲಿ ಕೂಡಿಕೊಂಡ ರೀತಿ. ಗೇಟಿನ ಅಗಲವನ್ನೂ ಮೆಟ್ಟಿಲಿನ ಕಡಿದನ್ನೂ ಟೇಪು ಹಿಡಿದು ಅಳೆಯಬಹುದಾಗಿತ್ತು. ಬರಬಹುದಾದ ಜನರ ಸಂಖ್ಯೆಯನ್ನು ಅಂದಾಜು ಮಾಡಬಹುದಾಗಿತ್ತು. ಈ ಮೂರನ್ನೂ ಒಂದೇ ಕಡೆ ಸೇರಿಸಿ, ಅಪಾಯ ಎಲ್ಲಿ ಕಾದಿದೆ ಎಂಬುದನ್ನು ಮುಂಚಿತವಾಗಿ ತೋರಿಸಬಲ್ಲ ಸಾಧನವೇ ಡಿಜಿಟಲ್ ನಕ್ಷೆ. ವಿಶ್ವವಿದ್ಯಾಲಯಗಳ ಆವರಣದಲ್ಲಿ ತುರ್ತು ತೆರವಿನ ಯೋಜನೆಗೆ ಇದು ಹೇಗೆ ನೆರವಾಗುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚಿತ್ರವಲ್ಲ, ಲೆಕ್ಕ

ಬಹುತೇಕ ವಿಶ್ವವಿದ್ಯಾಲಯಗಳ ಮಹಾದ್ವಾರದ ಬಳಿ ಬಣ್ಣ ಬಳಿದ ದೊಡ್ಡ ನಕ್ಷೆಯೊಂದು ಇರುತ್ತದೆ. ಆಡಳಿತ ಭವನ ಎಲ್ಲಿ, ಗ್ರಂಥಾಲಯ ಎಲ್ಲಿ, ಹಾಸ್ಟೆಲಿಗೆ ಯಾವ ದಾರಿ ಎಂಬುದನ್ನು ಹೊಸಬರಿಗೆ ಅದು ತಿಳಿಸುತ್ತದೆ. ತೆರವಿನ ನಕ್ಷೆಯ ಕೆಲಸ ಬೇರೆ. ದಾರಿ ಎಲ್ಲಿದೆ ಎಂದು ತೋರಿಸಿದರೆ ಅದಕ್ಕೆ ಸಾಲದು. ಆ ದಾರಿ ಒಂದು ನಿಮಿಷದಲ್ಲಿ ಎಷ್ಟು ಜನರನ್ನು ಸಾಗಿಸಬಲ್ಲದು ಎಂಬುದನ್ನೂ ಅದು ಹೇಳಬೇಕು.

ಇದಕ್ಕಾಗಿ ಬಳಕೆಯಾಗುವುದು ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್. ಇದರಲ್ಲಿ ಮಾಹಿತಿಯನ್ನು ಪದರ ಪದರವಾಗಿ ಜೋಡಿಸಲಾಗುತ್ತದೆ. ತಳದ ಪದರದಲ್ಲಿ ಕಟ್ಟಡಗಳು, ರಸ್ತೆಗಳು, ಕಾಲುದಾರಿಗಳು. ಅದರ ಮೇಲಿನ ಪದರದಲ್ಲಿ ಪ್ರತಿಯೊಂದು ಬಾಗಿಲು, ಮೆಟ್ಟಿಲು, ಗೇಟು. ಮೂರನೆಯದರಲ್ಲಿ ಅವುಗಳ ಗುಣಲಕ್ಷಣ: ಅಗಲವೆಷ್ಟು, ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ, ರಾತ್ರಿ ಬೀಗ ಬೀಳುತ್ತದೆಯೋ, ಕೀಲಿಕೈ ಯಾರ ಬಳಿ ಇರುತ್ತದೆ. ನಾಲ್ಕನೆಯದು ಜನರ ಪದರ. ಬೆಳಿಗ್ಗೆ ಹನ್ನೊಂದಕ್ಕೆ ತರಗತಿಗಳಲ್ಲಿ ಇರುವವರು ರಾತ್ರಿ ಹನ್ನೊಂದಕ್ಕೆ ಹಾಸ್ಟೆಲಿನಲ್ಲಿರುತ್ತಾರೆ. ಪರೀಕ್ಷೆಯ ದಿನ, ಘಟಿಕೋತ್ಸವದ ದಿನ, ಸಾಂಸ್ಕೃತಿಕ ಉತ್ಸವದ ದಿನ ಲೆಕ್ಕವೇ ಬದಲಾಗುತ್ತದೆ. ವಿಶ್ವವಿದ್ಯಾಲಯಕ್ಕೆ ಇಲ್ಲಿ ಒಂದು ಅನುಕೂಲವಿದೆ. ಯಾವ ಗಂಟೆಯಲ್ಲಿ ಯಾವ ಕೊಠಡಿಯಲ್ಲಿ ಎಷ್ಟು ಜನ ಇರುತ್ತಾರೆಂಬುದನ್ನು ಅದರ ವೇಳಾಪಟ್ಟಿಯೇ ಹೇಳಿಬಿಡುತ್ತದೆ. ನಗರದ ಒಂದು ಬಡಾವಣೆಗೆ ಇಂಥ ಮಾಹಿತಿ ದೊರೆಯುವುದು ಕಷ್ಟ.

ಈ ಪದರಗಳನ್ನು ಕೂಡಿಸಿದಾಗ ಇಡೀ ಆವರಣ ಒಂದು ಬಲೆಯ ರೂಪ ಪಡೆಯುತ್ತದೆ. ಕೊಠಡಿ, ಅಂಗಳ, ಕೂಡುರಸ್ತೆಗಳು ಬಲೆಯ ಗಂಟುಗಳು. ಅವುಗಳನ್ನು ಸೇರಿಸುವ ಪಡಸಾಲೆ, ಮೆಟ್ಟಿಲು, ರಸ್ತೆಗಳು ಬಲೆಯ ಎಳೆಗಳು. ಪ್ರತಿ ಎಳೆಗೂ ಎರಡು ಸಂಖ್ಯೆಗಳಿರುತ್ತವೆ. ಅದನ್ನು ದಾಟಲು ಬೇಕಾಗುವ ಸಮಯ ಒಂದು, ನಿಮಿಷಕ್ಕೆ ಅದರ ಮೂಲಕ ಹಾದುಹೋಗಬಲ್ಲವರ ಸಂಖ್ಯೆ ಇನ್ನೊಂದು. ಮುಂದಿನ ಲೆಕ್ಕವೆಲ್ಲ ಈ ಎರಡು ಸಂಖ್ಯೆಗಳ ಮೇಲೆ ನಿಂತಿದೆ.

ಕೆರೆಯ ನೀರು, ತೂಬಿನ ಅಳತೆ

ಕೆರೆ ಎಷ್ಟೇ ದೊಡ್ಡದಿರಲಿ, ಕಾಲುವೆಗೆ ಹರಿಯುವ ನೀರನ್ನು ನಿರ್ಧರಿಸುವುದು ತೂಬು. ಜನರ ವಿಷಯದಲ್ಲಿಯೂ ಹಾಗೆಯೇ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಫುಟ್‌ಬಾಲ್ ಮೈದಾನದ ಮೆಟ್ಟಿಲುಗಳ ಮೇಲೆ 1971ರಲ್ಲಿ ನೂಕುನುಗ್ಗಲಿನಿಂದ 66 ಮಂದಿ ಸತ್ತರು. ಆ ದುರಂತದ ನಂತರ, 1973ರಲ್ಲಿ, ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆ ಮಾರ್ಗದರ್ಶಿಯೊಂದು ಹೊರಬಂತು. ಮುಂದೆ ಹಲವು ಬಾರಿ ಪರಿಷ್ಕೃತಗೊಂಡ ಅದು ನೀಡುವ ಅಳತೆಗಳು ಹೀಗಿವೆ: ಸಮತಟ್ಟಾದ ದಾರಿಯಲ್ಲಿ ಪ್ರತಿ ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 82 ಮಂದಿ ಸಾಗಬಲ್ಲರು, ಮೆಟ್ಟಿಲುಗಳಿದ್ದರೆ 66 ಮಂದಿ. ತುರ್ತು ಸಂದರ್ಭದಲ್ಲಿ ಎಲ್ಲರೂ ಹೊರಬರಲು ಅದು ಒಪ್ಪುವ ಗರಿಷ್ಠ ಅವಧಿ ಎಂಟು ನಿಮಿಷ. ಬೆಂಕಿಯ ಅಪಾಯ ಹೆಚ್ಚಿರುವೆಡೆ ಎರಡೂವರೆ ನಿಮಿಷಕ್ಕೆ ಇಳಿಯುತ್ತದೆ.

ಈ ಅಳತೆಯನ್ನು ಒಂದು ಉದಾಹರಣೆಗೆ ಅನ್ವಯಿಸೋಣ. ಒಂದು ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ 3,000 ಮಂದಿ ಸೇರಿದ್ದಾರೆ ಎಂದಿಟ್ಟುಕೊಳ್ಳಿ. ತಲಾ ಮೂರು ಮೀಟರ್ ಅಗಲದ ಎರಡು ಗೇಟುಗಳಿವೆ. ಎರಡೂ ತೆರೆದಿದ್ದು ದಾರಿ ಸಮತಟ್ಟಾಗಿದ್ದರೆ ನಿಮಿಷಕ್ಕೆ 492 ಮಂದಿ ಹೊರಬರುತ್ತಾರೆ. ಆರು ನಿಮಿಷದಲ್ಲಿ ಮೈದಾನ ಖಾಲಿ. ಟಿಕೆಟ್ ಇಲ್ಲದವರು ನುಸುಳದಿರಲಿ ಎಂದು ಒಂದು ಗೇಟಿಗೆ ಬೀಗ ಹಾಕಿದರೆ ಹನ್ನೆರಡು ನಿಮಿಷ ಬೇಕು. ಉಳಿದ ಆ ಒಂದು ಗೇಟಿಗೆ ಮೆಟ್ಟಿಲುಗಳ ಮೇಲೆಯೇ ಹೋಗಬೇಕೆಂದಾದರೆ ಹದಿನೈದು ನಿಮಿಷ. ಜನ ಅಷ್ಟೇ, ಮೈದಾನ ಅದೇ. ಒಂದು ಬೀಗ ಮತ್ತು ಒಂದು ಸಾಲು ಮೆಟ್ಟಿಲು ಸುರಕ್ಷಿತ ಕಾರ್ಯಕ್ರಮವನ್ನು ಅಪಾಯದ ಗೆರೆಯಾಚೆ ತಳ್ಳಿದವು. ಅದೂ ಯಾರೂ ಬೀಳದೆ, ಯಾರೂ ಹೆದರದೆ ನಡೆದರೆ ಮಾತ್ರ.

ಒಂದೇ ಮೈದಾನವಾದರೆ ಈ ಲೆಕ್ಕವನ್ನು ಕಾಗದದ ಮೇಲೆಯೇ ಮಾಡಬಹುದು. ನೂರು ಕಟ್ಟಡ, ಸಾವಿರ ಬಾಗಿಲು, ಹತ್ತಾರು ರಸ್ತೆಗಳಿದ್ದಾಗ ಗಣಕಯಂತ್ರ ಬೇಕು. ಇದಕ್ಕೆ ತಳಹದಿ ಹಾಕಿದವರು ಅಮೆರಿಕದ ಗಣಿತಜ್ಞರಾದ ಲೆಸ್ಟರ್ ಫೋರ್ಡ್ ಮತ್ತು ಡೆಲ್ಬರ್ಟ್ ಫಲ್ಕರ್‌ಸನ್. ಶೀತಲ ಸಮರದ ಕಾಲದಲ್ಲಿ ಸೋವಿಯತ್ ರೈಲ್ವೆ ಜಾಲದ ಸಾಗಣೆ ಸಾಮರ್ಥ್ಯವನ್ನು ಕುರಿತ ಪ್ರಶ್ನೆಯೊಂದರಿಂದ ಅವರ ಸಂಶೋಧನೆ ಮೊಳೆಯಿತು. ಒಂದು ಜಾಲದ ಮೂಲಕ ಹರಿಯಬಹುದಾದ ಗರಿಷ್ಠ ಪ್ರಮಾಣವು, ಆ ಜಾಲವನ್ನು ಎರಡು ಹೋಳಾಗಿಸುವ ಅತ್ಯಂತ ದುರ್ಬಲ ಕೊಯ್ತದ ಸಾಮರ್ಥ್ಯಕ್ಕೆ ಸಮ ಎಂದು 1956ರಲ್ಲಿ ಪ್ರಕಟವಾದ ಅವರ ಪ್ರಬಂಧ ತೋರಿಸಿತು. ಸರಳವಾಗಿ ಹೇಳುವುದಾದರೆ, ಎಲ್ಲಿ ದಾರಿ ಅತ್ಯಂತ ಕಿರಿದಾಗಿದೆಯೋ ಅದನ್ನು ಬಿಟ್ಟು ಬೇರೆಲ್ಲಿ ಅಗಲಗೊಳಿಸಿದರೂ ಪ್ರಯೋಜನವಿಲ್ಲ. ಆ ಜಾಗ ಮಹಾದ್ವಾರವೇ ಆಗಿರಬೇಕೆಂದಿಲ್ಲ. ಎರಡು ಕಟ್ಟಡಗಳ ನಡುವಿನ ಪಡಸಾಲೆಯೋ, ಸೈಕಲ್ ನಿಲ್ಲಿಸಿ ಅರ್ಧ ಮುಚ್ಚಿಹೋದ ಮೆಟ್ಟಿಲೋ ಆಗಿರಬಹುದು. ಅದನ್ನು ಹುಡುಕಿ ತೋರಿಸುವುದೇ ನಕ್ಷೆಯ ಮೊದಲ ಉಪಕಾರ.

ಎಲ್ಲರಿಗೂ ಒಂದೇ ದಾರಿಯಾದರೆ?

ಮೊಬೈಲ್ ಫೋನಿನ ನಕ್ಷೆಗಳು ನಮಗೆ ಹತ್ತಿರದ ದಾರಿಯನ್ನು ತೋರಿಸುತ್ತವೆ. ಒಬ್ಬನಿಗೆ ಅದು ಸರಿ. ಐದು ಸಾವಿರ ಮಂದಿಗೆ ಒಂದೇ ಹೊತ್ತಿನಲ್ಲಿ ಒಂದೇ ಹತ್ತಿರದ ದಾರಿಯನ್ನು ತೋರಿಸಿದರೆ ಆ ದಾರಿಯೇ ಬಲೆಯಾಗುತ್ತದೆ. ಆದ್ದರಿಂದ ತೆರವಿನ ಲೆಕ್ಕಾಚಾರದಲ್ಲಿ ಜನರನ್ನು ದಾರಿಗಳ ನಡುವೆ ಹಂಚಬೇಕು.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಭಾರತೀಯ ಮೂಲದ ಗಣಕ ವಿಜ್ಞಾನಿ ಶಶಿ ಶೇಖರ್ ಮತ್ತು ಅವರ ತಂಡ 2000ದ ದಶಕದಲ್ಲಿ ಇದಕ್ಕೊಂದು ವಿಧಾನವನ್ನು ರೂಪಿಸಿತು. ಅದನ್ನು ರೈಲಿನ ಮುಂಗಡ ಕಾಯ್ದಿರಿಸುವಿಕೆಗೆ ಹೋಲಿಸಬಹುದು. ಮೊದಲ ಗುಂಪಿಗೆ ಬೇಗ ಹೊರಹೋಗುವ ದಾರಿಯನ್ನು ಕೊಡಲಾಗುತ್ತದೆ; ಆ ದಾರಿಯ ಆ ನಿಮಿಷದ ಜಾಗ ಅವರ ಹೆಸರಿಗೆ ಭರ್ತಿಯಾಯಿತು ಎಂದು ಗುರುತು ಹಾಕಲಾಗುತ್ತದೆ. ಮುಂದಿನ ಗುಂಪಿಗೆ ಖಾಲಿ ಉಳಿದಿರುವ ದಾರಿಗಳಲ್ಲಿ ಬೇಗನೆಯದನ್ನು ಹುಡುಕಲಾಗುತ್ತದೆ. ಹೀಗೆ ಕೊನೆಯ ವ್ಯಕ್ತಿ ಹೊರಬರುವವರೆಗೆ ಲೆಕ್ಕ ಮುಂದುವರಿಯುತ್ತದೆ. ಯಾವ ಹಾಸ್ಟೆಲಿನವರು ಯಾವ ಗೇಟಿಗೆ ಹೋಗಬೇಕೆಂಬ ಪಟ್ಟಿ ಇದರಿಂದ ಸಿದ್ಧವಾಗುತ್ತದೆ.

ಮಿನ್ನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳ ತೆರವಿನ ಯೋಜನೆಗೆ ಈ ತಂಡ ನಡೆಸಿದ ಅಧ್ಯಯನದಲ್ಲಿ ಕಂಡುಬಂದ ಅಂಶವೊಂದು ಬಹಳ ಉಪಯುಕ್ತ. ಶಕ್ತರಾದವರು ಮೊದಲ ಒಂದು ಮೈಲಿಯನ್ನು ಕಾರಿನ ಬದಲು ನಡೆದು ಕ್ರಮಿಸಿದರೆ ಒಟ್ಟು ತೆರವಿನ ಸಮಯ ಎರಡು ಮೂರು ಪಟ್ಟು ಕಡಿಮೆಯಾಗುತ್ತದೆ. ವಾಹನ ನಿಲುಗಡೆಯಿಂದ ನೂರಾರು ಕಾರು, ಬೈಕುಗಳು ಒಂದೇ ಗೇಟಿನತ್ತ ಹೊರಟರೆ ಒಳಬರಬೇಕಾದ ಅಗ್ನಿಶಾಮಕ ವಾಹನಕ್ಕೂ ದಾರಿ ಇರುವುದಿಲ್ಲ. ತುರ್ತು ಸಮಯದಲ್ಲಿ ವಾಹನ ತೆಗೆಯಬೇಡಿ, ನಡೆಯಿರಿ ಎಂಬ ಸೂಚನೆಗೆ ಹೀಗೆ ಗಣಿತದ ಆಧಾರವೂ ಇದೆ.

ಎಲ್ಲಿ ಆಪತ್ತು ಎಂದು ತಿಳಿಯದಿದ್ದಾಗ

ಬೆಂಕಿ ಎಲ್ಲಿ ಹೊತ್ತಿಕೊಳ್ಳುತ್ತದೆ ಎಂದು ಯಾರು ಮುಂಚಿತವಾಗಿ ಹೇಳಬಲ್ಲರು? ಈ ಪ್ರಶ್ನೆಗೆ ಜಾಣ ಉತ್ತರ ಬಂದದ್ದು ಕ್ಯಾಲಿಫೋರ್ನಿಯಾದಿಂದ. 1991ರ ಅಕ್ಟೋಬರ್ 20ರಂದು ಓಕ್‌ಲ್ಯಾಂಡ್ ಮತ್ತು ಬರ್ಕ್ಲಿ ನಗರಗಳ ಗುಡ್ಡಗಳಲ್ಲಿ ಹಬ್ಬಿದ ಬೆಂಕಿಗೆ 25 ಮಂದಿ ಬಲಿಯಾದರು. ಸತ್ತವರಲ್ಲಿ ಹಲವರು ಕಿರಿದಾದ ಅಂಕುಡೊಂಕು ರಸ್ತೆಗಳಲ್ಲಿ ಹೊರಹೋಗಲಾರದೆ ಸಿಕ್ಕಿಬಿದ್ದವರು. ಇಂಥ ಬಡಾವಣೆಗಳನ್ನು ಮೊದಲೇ ಗುರುತಿಸುವ ವಿಧಾನವನ್ನು ಸಾಂಟಾ ಬಾರ್ಬರಾದ ಭೂಗೋಳ ತಜ್ಞರಾದ ಥಾಮಸ್ ಕೋವಾ ಮತ್ತು ರಿಚರ್ಡ್ ಚರ್ಚ್ 1997ರಲ್ಲಿ ಪ್ರಕಟಿಸಿದರು.

ಅವರು ಬೆಂಕಿಯ ಜಾಗವನ್ನು ಊಹಿಸಲು ಹೋಗಲಿಲ್ಲ. ನಕ್ಷೆಯ ಪ್ರತಿಯೊಂದು ಬಿಂದುವಿನ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿದರು: ಇದರ ಸುತ್ತಮುತ್ತ ಇರುವವರೆಲ್ಲ ಒಟ್ಟಿಗೆ ಹೊರಟರೆ, ಹೊರಹೋಗುವ ದಾರಿಯೊಂದಕ್ಕೆ ಎಷ್ಟು ಮಂದಿಯ ಹೊರೆ ಬೀಳುತ್ತದೆ? ಹೊರೆ ಹೆಚ್ಚಿರುವ ಜಾಗಗಳು ನಕ್ಷೆಯಲ್ಲಿ ಎದ್ದು ಕಾಣುತ್ತವೆ. ಆಪತ್ತು ಯಾವುದೇ ರೂಪದಲ್ಲಿ ಬರಲಿ, ಮೊದಲು ಸಿಕ್ಕಿಬೀಳುವವರು ಅಲ್ಲಿಯವರೇ. ಹಾಸ್ಟೆಲುಗಳನ್ನು ಆವರಣದ ಒಂದು ಮೂಲೆಯಲ್ಲಿ, ಒಂದೇ ರಸ್ತೆಯ ತುದಿಯಲ್ಲಿ ಕಟ್ಟುವ ಪರಿಪಾಠವಿರುವ ವಿಶ್ವವಿದ್ಯಾಲಯಗಳು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು.

ಹೊರಡದಿರುವುದೂ ಒಂದು ಯೋಜನೆ

ತೆರವು ಎಂದರೆ ಎಲ್ಲರನ್ನೂ ಹೊರಕ್ಕೆ ಕಳುಹಿಸುವುದು ಎಂಬ ಕಲ್ಪನೆ ಸಾಮಾನ್ಯ. ನಕ್ಷೆ ಕೆಲವೊಮ್ಮೆ ಇದಕ್ಕೆ ವಿರುದ್ಧವಾದ ಉತ್ತರವನ್ನೂ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಮಾಲಿಬು ಪಟ್ಟಣದಲ್ಲಿರುವ ಪೆಪ್ಪರ್‌ಡೈನ್ ವಿಶ್ವವಿದ್ಯಾಲಯದ ಒಂದು ಬದಿಯಲ್ಲಿ ಒಣ ಪೊದೆಗಳ ಬೆಟ್ಟ, ಇನ್ನೊಂದು ಬದಿಯಲ್ಲಿ ಪೆಸಿಫಿಕ್ ಸಾಗರ. ಪಟ್ಟಣದ ಮುಖ್ಯ ಹೆದ್ದಾರಿ ಕಡಲಂಚಿನಲ್ಲಿ ಸಾಗುವ ಒಂದೇ. ಸಾವಿರಾರು ವಿದ್ಯಾರ್ಥಿಗಳು ಬೆಂಕಿಯ ಸಮಯದಲ್ಲಿ ಆ ಹೆದ್ದಾರಿಗಿಳಿದರೆ ಅವರೂ ಉಳಿಯಲಾರರು, ಪಟ್ಟಣದ ಜನರಿಗೂ ದಾರಿ ಸಿಗದು. ಆದ್ದರಿಂದ ಸುತ್ತಲಿನ ಪೊದೆಗಳನ್ನು ಕಡಿದು ತೆರವುಗೊಳಿಸಿ, ಬೆಂಕಿ ತಡೆಯುವ ಕಟ್ಟಡಗಳಲ್ಲಿ ಎಲ್ಲರನ್ನೂ ಸೇರಿಸಿಕೊಳ್ಳುವ ಪದ್ಧತಿಯನ್ನು ಅದು ಅಗ್ನಿಶಾಮಕ ಇಲಾಖೆಯ ಸಹಕಾರದೊಂದಿಗೆ ರೂಪಿಸಿಕೊಂಡಿದೆ.

2018ರ ನವೆಂಬರಿನ ವೂಲ್ಸಿ ಕಾಡ್ಗಿಚ್ಚಿನಲ್ಲಿ ಇದರ ಪರೀಕ್ಷೆ ನಡೆಯಿತು. ಮಾಲಿಬು ಪಟ್ಟಣ ಪೂರ್ತಿ ತೆರವಿಗೆ ಆದೇಶವಾಗಿ ಹೆದ್ದಾರಿಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತಿದ್ದಾಗ ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಮತ್ತು ಭೋಜನಶಾಲೆಯಿರುವ ಕೇಂದ್ರ ಕಟ್ಟಡದಲ್ಲಿ ಉಳಿದರು. ಬೆಂಕಿ ಆವರಣದ ಅಂಚಿಗೆ ಬಂದರೂ ಅವರಲ್ಲಿ ಯಾರಿಗೂ ಪ್ರಾಣಾಪಾಯವಾಗಲಿಲ್ಲ. 2024ರ ಡಿಸೆಂಬರಿನಲ್ಲಿ ಫ್ರಾಂಕ್ಲಿನ್ ಕಾಡ್ಗಿಚ್ಚು ಹಬ್ಬಿದಾಗಲೂ ಇದೇ ಕ್ರಮ ಅನುಸರಿಸಲಾಯಿತು. ಕಿಟಕಿಯಾಚೆ ಕೆಂಪಾದ ಆಕಾಶ ಕಾಣುವಾಗ ಮಕ್ಕಳನ್ನು ಅಲ್ಲಿಯೇ ಇರಿಸಿದ್ದು ಸರಿಯೇ ಎಂದು ಹಲವರು ಪ್ರಶ್ನಿಸಿದರು. ಅದು ಸಹಜವಾದ ಆತಂಕ. ಆದರೆ 2018ರ ನವೆಂಬರ್ 8ರಂದು, ವೂಲ್ಸಿ ಬೆಂಕಿ ಹೊತ್ತಿಕೊಂಡ ದಿನವೇ, ಅದೇ ರಾಜ್ಯದ ಪ್ಯಾರಡೈಸ್ ಪಟ್ಟಣದಲ್ಲಿ ಜನರೆಲ್ಲ ಕೆಲವೇ ರಸ್ತೆಗಳಿಗೆ ಒಮ್ಮೆಲೇ ಇಳಿದು ವಾಹನಗಳು ಸಿಕ್ಕಿಕೊಂಡವು. ಆ ಬೆಂಕಿಯಲ್ಲಿ 85 ಮಂದಿ ಸತ್ತರು. ಎಲ್ಲ ಆವರಣಗಳಿಗೂ ಪೆಪ್ಪರ್‌ಡೈನ್ ಮಾದರಿ ಹೊಂದುವುದಿಲ್ಲ. ಆದರೆ ಹೊರಡಬೇಕೋ ಉಳಿಯಬೇಕೋ ಎಂಬ ತೀರ್ಮಾನವನ್ನು ಹೊಗೆ ಕಂಡ ಮೇಲೆ ಮಾಡಬಾರದು, ದಾರಿಯ ಸಾಮರ್ಥ್ಯವನ್ನು ಅಳೆದು ಮೊದಲೇ ಮಾಡಿರಬೇಕು ಎಂಬ ಪಾಠ ಎಲ್ಲರಿಗೂ ಹೊಂದುತ್ತದೆ.

ನಕ್ಷೆಗೆ ಕಾಣದ ಬೀಗ

ಇಷ್ಟೆಲ್ಲ ಆದ ಮೇಲೂ ನಕ್ಷೆಯನ್ನು ಕುರುಡಾಗಿ ನಂಬುವಂತಿಲ್ಲ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ಬೆಂಕಿ ದುರಂತವನ್ನು ಓದುಗರು ಮರೆತಿರಲಾರರು. ಒಂಬತ್ತು ಮಂದಿ ಸತ್ತರು. ದಟ್ಟ ಹೊಗೆಯಿಂದ ತಪ್ಪಿಸಿಕೊಳ್ಳಲು ಕೆಲವರು ಕಿಟಕಿಗಳಿಂದ ಕೆಳಗೆ ಹಾರಿದರು. ಕಟ್ಟಡದಲ್ಲಿ ತುರ್ತು ನಿರ್ಗಮನದ ದಾರಿ ಇರಲಿಲ್ಲವೆಂದಲ್ಲ. ಆ ದಾರಿಯ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 2007ರ ಏಪ್ರಿಲ್ 16ರಂದು 32 ಮಂದಿಯನ್ನು ಕೊಂದ ಹಂತಕ, ನಾರಿಸ್ ಹಾಲ್ ಎಂಬ ಕಟ್ಟಡದ ಮುಖ್ಯ ದ್ವಾರಗಳಿಗೆ ಒಳಗಿನಿಂದ ಸರಪಳಿ ಬಿಗಿದಿದ್ದ. ಎರಡೂ ಕಡೆ ಕಾಗದದ ಮೇಲೆ ದಾರಿ ಇತ್ತು, ನೆಲದ ಮೇಲೆ ಇರಲಿಲ್ಲ.

ಆದುದರಿಂದ ತೆರವಿನ ನಕ್ಷೆ ಒಮ್ಮೆ ಬರೆದು ಗೋಡೆಗೆ ತೂಗುಹಾಕುವ ವಸ್ತುವಾಗಬಾರದು. ಬೀಗ, ರಿಪೇರಿ, ಹೊಸ ತಡೆಗೋಡೆ, ಅಗೆದ ರಸ್ತೆ ಇವೆಲ್ಲ ಅದರಲ್ಲಿ ಆಗಿಂದಾಗ್ಗೆ ದಾಖಲಾಗಬೇಕು. ಒಂದು ಎಳೆಯನ್ನು ಅಳಿಸಿದಾಗ ಉಳಿದ ಜಾಲ ಹೊರೆಯನ್ನು ತಾಳಬಲ್ಲದೇ ಎಂದು ಪರೀಕ್ಷಿಸಬೇಕು. ಒಂದು ಬಾಗಿಲು ಮುಚ್ಚಿದೊಡನೆ ಇಡೀ ಯೋಜನೆ ಕುಸಿಯುವುದಾದರೆ ಆ ಯೋಜನೆಯಲ್ಲಿ ದೋಷವಿದೆ.

ಇನ್ನೊಂದು ಮಾತು. ಮೆಟ್ಟಿಲು ಎಲ್ಲರಿಗೂ ದಾರಿಯಲ್ಲ. ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ. ಗಾಲಿಕುರ್ಚಿಯಲ್ಲಿರುವ ವಿದ್ಯಾರ್ಥಿಗೆ, ಕಣ್ಣು ಕಾಣದವರಿಗೆ, ಗರ್ಭಿಣಿಯರಿಗೆ ಪ್ರತ್ಯೇಕವಾಗಿ ದಾರಿ ಹುಡುಕಬೇಕು. ನಕ್ಷೆಯಿಂದ ಮೆಟ್ಟಿಲುಗಳನ್ನು ತೆಗೆದು ನೋಡಿದಾಗ ಯಾವ ಯಾವ ಮಹಡಿಗಳು ಹೊರದಾರಿಯೇ ಇಲ್ಲದ ದ್ವೀಪಗಳಾಗುತ್ತವೆ ಎಂಬುದು ಕ್ಷಣದಲ್ಲಿ ಗೋಚರಿಸುತ್ತದೆ. ಅಲ್ಲಿ ಹೊಗೆ ನುಗ್ಗದ ಆಶ್ರಯ ಕೊಠಡಿ ಇರಬೇಕು, ಅಲ್ಲಿಗೆ ಯಾರು ಧಾವಿಸಬೇಕೆಂಬುದು ಮೊದಲೇ ಗೊತ್ತಿರಬೇಕು.

ನಮ್ಮ ಆವರಣಗಳಲ್ಲಿ

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2005ರ ಡಿಸೆಂಬರ್ 28ರ ಸಂಜೆ ಜೆ.ಎನ್. ಟಾಟಾ ಸಭಾಂಗಣದಿಂದ ಹೊರಬರುತ್ತಿದ್ದವರ ಮೇಲೆ ಗುಂಡಿನ ದಾಳಿ ನಡೆಯಿತು. ದೆಹಲಿ ಐಐಟಿಯ ಹಿರಿಯ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ಹತರಾದರು. ಅವರು ಭಾಗವಹಿಸಿದ್ದುದು ಆಪರೇಷನ್ಸ್ ರಿಸರ್ಚ್ ಕುರಿತ ಸಮ್ಮೇಳನದಲ್ಲಿ. ಜಾಲಗಳಲ್ಲಿ ಹರಿವನ್ನು ಲೆಕ್ಕ ಹಾಕುವ, ಮೇಲೆ ವಿವರಿಸಿದ ಗಣಿತವೂ ಅದೇ ಶಾಸ್ತ್ರಕ್ಕೆ ಸೇರಿದ್ದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತದ್ದು, ಗೇಟಿನ ಲೆಕ್ಕ ಎಷ್ಟು ಗಂಭೀರವಾದುದೆಂದು ಇಡೀ ರಾಜ್ಯಕ್ಕೆ ಮತ್ತೊಮ್ಮೆ ತೋರಿಸಿತು.

ಸಾಧನಗಳಿಗೆ ಈಗ ಕೊರತೆಯಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ನಕ್ಷೆ ತಯಾರಿಕೆಯ ನಿಯಮಗಳನ್ನು ಸಡಿಲಿಸಿದ ಬಳಿಕ ಸಮೀಕ್ಷೆಗೆ ಮುಂಚೆ ಬೇಕಾಗುತ್ತಿದ್ದ ಅನುಮತಿಗಳ ಗೋಜು ಬಹುಮಟ್ಟಿಗೆ ತಪ್ಪಿದೆ. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತ. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ಕಾಲುದಾರಿ, ಮೆಟ್ಟಿಲು, ಗೇಟುಗಳನ್ನು ಗುರುತಿಸಬಹುದು. ಇಸ್ರೋ 2009ರಲ್ಲಿ ಆರಂಭಿಸಿದ ಭುವನ್ ತಾಣದಲ್ಲಿ ಉಪಗ್ರಹ ಚಿತ್ರಗಳು ದೊರೆಯುತ್ತವೆ. ಭೂಗೋಳ, ಸಿವಿಲ್ ಎಂಜಿನಿಯರಿಂಗ್, ಗಣಕ ವಿಜ್ಞಾನ ವಿಭಾಗಗಳಿರುವ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳೇ ಇದನ್ನು ಒಂದು ಅವಧಿಯ ಪ್ರಾಜೆಕ್ಟ್ ಆಗಿ ಕೈಗೊಳ್ಳಬಹುದು. ಮಾಡಬೇಕಾದ ಕೆಲಸಗಳನ್ನು ಹೀಗೆ ಸಂಗ್ರಹಿಸಬಹುದು:

* ಪ್ರತಿ ಬಾಗಿಲು, ಮೆಟ್ಟಿಲು, ಗೇಟನ್ನು ಸ್ಥಳಕ್ಕೆ ಹೋಗಿ ಅಳೆಯುವುದು; ಬೀಗ ಮತ್ತು ಕೀಲಿಕೈ ವಿವರ ಬರೆದುಕೊಳ್ಳುವುದು.
* ಹಗಲು, ರಾತ್ರಿ, ಉತ್ಸವದ ದಿನ ಎಂದು ಕನಿಷ್ಠ ಮೂರು ಬಗೆಯ ಜನಸಂಖ್ಯೆಯ ಅಂದಾಜು ಸಿದ್ಧಪಡಿಸುವುದು.
* ಅತ್ಯಂತ ಕಿರಿದಾದ ಜಾಗಗಳನ್ನು ಗುರುತಿಸಿ, ಅಗಲಗೊಳಿಸುವುದು ಅಥವಾ ಅಲ್ಲಿ ಸೇರುವ ಜನರ ಸಂಖ್ಯೆಗೆ ಮಿತಿ ಹಾಕುವುದು.
* ತಾಲೀಮು ನಡೆಸಿ, ಗಡಿಯಾರ ಹಿಡಿದು, ನಕ್ಷೆ ಹೇಳಿದ ಸಮಯಕ್ಕೂ ನಿಜವಾಗಿ ಹಿಡಿದ ಸಮಯಕ್ಕೂ ತಾಳೆ ನೋಡುವುದು.
* ವಿದ್ಯುತ್ತು, ಅಂತರ್ಜಾಲ ಕೈಕೊಟ್ಟಾಗ ಬಳಸಲು ಮುದ್ರಿತ ಪ್ರತಿಗಳನ್ನು ಭದ್ರತಾ ಕೊಠಡಿಯಲ್ಲಿ ಮತ್ತು ಹತ್ತಿರದ ಅಗ್ನಿಶಾಮಕ ಠಾಣೆಯಲ್ಲಿ ಇರಿಸುವುದು.

ಒಂದು ಎಚ್ಚರಿಕೆ ಅಗತ್ಯ. ಎಲ್ಲ ಪದರಗಳನ್ನೂ ಸಾರ್ವಜನಿಕರಿಗೆ ತೆರೆದಿಡಬೇಕಾಗಿಲ್ಲ. ಕೀಲಿಕೈ ಎಲ್ಲಿದೆ, ಯಾವ ಗಂಟೆಯಲ್ಲಿ ಯಾವ ಕೊಠಡಿ ಕಿಕ್ಕಿರಿದಿರುತ್ತದೆ ಎಂಬ ಮಾಹಿತಿ ದುರುದ್ದೇಶದವರಿಗೂ ಉಪಯೋಗವಾದೀತು. ಹೊರದಾರಿ ಮತ್ತು ಸೇರುವ ಸ್ಥಳ ಎಲ್ಲರಿಗೂ ತಿಳಿದಿರಲಿ. ಉಳಿದದ್ದು ಜವಾಬ್ದಾರರ ಕೈಯಲ್ಲಿರಲಿ.

ನಕ್ಷೆಯೊಂದು ಜೀವ ಉಳಿಸುವುದಿಲ್ಲ. ಅದು ತೋರಿಸಿದ ಬೀಗವನ್ನು ತೆಗೆದವರು, ಅದು ಎಚ್ಚರಿಸಿದ ಸಂಖ್ಯೆಯನ್ನು ಒಪ್ಪಿ ಟಿಕೆಟ್ ಕಡಿಮೆ ಮಾಡಿದವರು ಉಳಿಸುತ್ತಾರೆ. ಉತ್ಸವಕ್ಕೆ ಅನುಮತಿ ಕೋರಿ ವಿದ್ಯಾರ್ಥಿ ಸಂಘ ಬಂದಾಗ ಕುಲಸಚಿವರ ಮೇಜಿನ ಮೇಲೆ ಎರಡು ಉತ್ತರಗಳು ಸಿದ್ಧವಾಗಿರಬೇಕು: ಈ ಜಾಗಕ್ಕೆ ಎಷ್ಟು ಜನ, ಹೊರಬರಲು ಎಷ್ಟು ನಿಮಿಷ. ಅವು ದೊರೆಯುವ ತನಕ ಅನುಮತಿ ಪತ್ರಕ್ಕೆ ಸಹಿ ಬೀಳಬಾರದು.